ಬಯಲುಸೀಮೆಯ ಮನೆಗೆ ‘ಸುಲಭ ಆರ್ಕಿಡ್’ ಕೊಳ್ಳುವವರ ಗಮನಕ್ಕೆ

ರಾಯಚೂರಿನಲ್ಲಾಗಲಿ ಸುತ್ತಲಿನ ಊರುಗಳಲ್ಲಾಗಲಿ ಇರುವವರು, ಹೂಬಿಟ್ಟ ಫೆಲನಾಪ್ಸಿಸ್ ಆರ್ಕಿಡ್ಡನ್ನು ‘ಮನೆಯೊಳಗೆ ಅತಿ ಸುಲಭವಾಗಿ ಬೆಳೆಯುವ ಗಿಡ’ ಎಂಬ ಮಾತನ್ನು ನಂಬಿ ಕೊಳ್ಳಬಾರದೆಂದು ತಿಳಿಸಲು ಇದನ್ನು ಬರೆಯುತ್ತಿದ್ದೇನೆ. ಅಗಲವಾದ ಎಲೆಗಳ ನಡುವಿನಿಂದ ಎದ್ದು ಬಾಗಿದ ದಂಟಿನ ಮೇಲೆ ಪಾತರಗಿತ್ತಿಗಳು ಸಾಲಾಗಿ ಕುಳಿತಂತೆ ಹೂಬಿಡುವ ಗಿಡ ಅದು. ಬೆಂಗಳೂರಿನಲ್ಲೋ ಮಡಿಕೇರಿಯಲ್ಲೋ ಆ ಮಾತು ಬಹುಮಟ್ಟಿಗೆ ನಿಜವಿರಬಹುದು, ನಮ್ಮಲ್ಲಿ ನಿಜವಲ್ಲ. ಗಿಡದ ಜತೆ ಕೊಡುವ ಚೀಟಿಯಲ್ಲಿ ‘ಸುಲಭ’ ಎಂದಿರುತ್ತದೆಯೇ ಹೊರತು ಯಾವ ಹವೆಯಲ್ಲಿ ಸುಲಭ ಎಂಬುದು ಇರುವುದಿಲ್ಲ.

ಚಳಿಗಾಲದ ಒಂದು ವಸ್ತುಪ್ರದರ್ಶನದಲ್ಲಿ ಹೊರಊರಿನವರು ಹಾಕಿದ್ದ ಮಳಿಗೆಯಿಂದ ಬಿಳಿ, ನೇರಳೆ ಮತ್ತು ನೀಲಿ ಹೂವಿನ ಗಿಡಗಳನ್ನು ಒಂದೊಂದಕ್ಕೆ 800 ರೂಪಾಯಿಯಂತೆ ಕೊಂಡೆವು. ನಮ್ಮ ಬೇಸಿಗೆಗೆ ಇವು ತಡೆಯುತ್ತವೆಯೇ ಎಂದು ಸ್ಪಷ್ಟವಾಗಿಯೇ ಕೇಳಿದ್ದೆ. “ಅಕ್ಕಾರ, ಇದು ಏನೂ ಕೇಳಂಗಿಲ್ರಿ. ವಾರಕ್ಕ ಮೂರು ಬರ್ಫಿನ ತುಂಡು ಹಾಕ್ರಿ, ಬಿಸಿಲಿಗೆ ಇಡಬ್ಯಾಡ್ರಿ, ಅಷ್ಟ ಸಾಕ್ರಿ” ಎಂಬ ಉತ್ತರ ಬಂತು. ಗಿಡಗಳು ತೂತಿಲ್ಲದ ಚೆಂದದ ಪಿಂಗಾಣಿ ಕುಂಡಗಳಲ್ಲಿದ್ದವು. ಫೆಲನಾಪ್ಸಿಸ್ ಹೂ ಎರಡು ಮೂರು ತಿಂಗಳು ಬಾಡದೆ ನಿಲ್ಲುವುದು ಅದರ ಸಹಜ ಗುಣ. ಆದುದರಿಂದ ಶಿವರಾತ್ರಿಯವರೆಗೂ ಎಲ್ಲವೂ ಸರಿಯಾಗಿದೆ ಎಂದೇ ಕಾಣುತ್ತಿತ್ತು. ಮಾರುವವರಿಗೆ ಇದಕ್ಕಿಂತ ಅನುಕೂಲವಾದ ಗಿಡ ಇನ್ನೊಂದಿಲ್ಲ, ಏಕೆಂದರೆ ಅದು ಕೆಡುವ ಹೊತ್ತಿಗೆ ಮಳಿಗೆ ಊರು ಬಿಟ್ಟು ಹೋಗಿರುತ್ತದೆ.

ಯುಗಾದಿಯ ಸುಮಾರಿಗೆ ಎಲೆಗಳು ಬಿಗುವು ಕಳೆದುಕೊಂಡು ಉದ್ದಕ್ಕೂ ಸುಕ್ಕುಗಟ್ಟಿದವು, ಬುಡದ ಎಲೆ ಹಳದಿಯಾಗಿ ಕಳಚಿತು. ಕುಂಡದಿಂದ ಗಿಡವನ್ನು ಹೊರಗೆಳೆದು ನೋಡಿದಾಗ ಕಂಡದ್ದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಕುಂಡದಲ್ಲಿ ಮಣ್ಣಿನ ಬದಲು ತುಂಬಿದ್ದ ಪಾಚಿ ಮೇಲ್ಭಾಗದಲ್ಲಿ ಒಣಗಿ ಗರಿಗರಿಯಾಗಿತ್ತು. ಅದನ್ನು ಬಿಡಿಸಿದರೆ ಒಳಗೆ, ಸರಿಯಾಗಿ ಕಾಂಡದ ಬುಡದಲ್ಲಿ, ಸಸಿಯಾಗಿದ್ದಾಗ ನೆಟ್ಟಿದ್ದ ಚಿಕ್ಕ ಬಲೆಯ ಉಂಡೆ ಹಾಗೆಯೇ ಉಳಿದು, ನೀರಿನಿಂದ ತೊಯ್ದು ಕಪ್ಪಾಗಿ ವಾಸನೆ ಬರುತ್ತಿತ್ತು. ಬೇರನ್ನು ಎರಡು ಬೆರಳಿನಲ್ಲಿ ಹಿಡಿದು ಎಳೆದರೆ ಮೇಲಿನ ಪದರ ಪೂರ್ತಿ ಜಾರಿ ಬಂದು ಒಳಗಿನ ದಾರದಂಥ ಎಳೆಯೊಂದೇ ಉಳಿಯುತ್ತಿತ್ತು. ಮರದ ತೊಗಟೆಗೆ ಅಂಟಿಕೊಂಡು ಗಾಳಿಯಲ್ಲಿ ಬೆಳೆಯುವ ಈ ಬೇರುಗಳಿಗೆ ನೀರನ್ನು ಹೀರಿಡುವ ಬಿಳಿ ಹೊದಿಕೆ ಇರುತ್ತದೆ. ಒದ್ದೆಯಾದಾಗ ಹಸಿರಾಗಿ, ಒಣಗಿದಾಗ ಬೆಳ್ಳಿಯ ಬಣ್ಣಕ್ಕೆ ತಿರುಗುವುದು ಆರೋಗ್ಯದ ಗುರುತು. ಗಾಳಿಯಾಡದ ಕಡೆ ಅದು ಕೊಳೆಯುತ್ತದೆ, ಬೇರು ಕೊಳೆತ ಗಿಡ ನೀರಿನಲ್ಲಿ ನಿಂತಿದ್ದರೂ ಬಾಯಾರಿ ಒಣಗುತ್ತದೆ.

ಕುಂಡ ಬದಲಿಸಿದ್ದರೆ ಉಳಿಯುತ್ತಿತ್ತೇ ಎಂದರೆ, ನಮ್ಮ ಊರಿನಲ್ಲಿ ಅದೂ ಅನುಮಾನ. ಫೆಲನಾಪ್ಸಿಸ್ಸಿಗೆ ಹಿತವಾದ ಉಷ್ಣಾಂಶ ಸುಮಾರು 18ರಿಂದ 30 ಡಿಗ್ರಿ, ಗಾಳಿಯ ತೇವ ಅರ್ಧಕ್ಕಿಂತ ಹೆಚ್ಚು ಇರಬೇಕು. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳ ಹಗಲು 40 ಡಿಗ್ರಿ ದಾಟುತ್ತದೆ ಎಂಬುದನ್ನು ಎಲ್ಲರೂ ಹೇಳುತ್ತಾರೆ. ಈ ಗಿಡಕ್ಕೆ ಅದಕ್ಕಿಂತ ದೊಡ್ಡ ಪೆಟ್ಟು ರಾತ್ರಿಯದು. ಹೆಚ್ಚಿನ ಗಿಡಗಳು ಹಗಲಿನಲ್ಲಿ ಇಂಗಾಲದ ಡೈಆಕ್ಸೈಡನ್ನು ಒಳಗೆಳೆದುಕೊಂಡರೆ, ಫೆಲನಾಪ್ಸಿಸ್ ನೀರನ್ನು ಉಳಿಸಲು ಹಗಲಿನಲ್ಲಿ ಎಲೆಯ ರಂಧ್ರಗಳನ್ನು ಮುಚ್ಚಿಟ್ಟು ರಾತ್ರಿಯ ತಂಪಿನಲ್ಲಿ ತೆರೆಯುತ್ತದೆ. ಮಾಳಿಗೆ ಹಗಲೆಲ್ಲ ಕಾದು ರಾತ್ರಿಯೆಲ್ಲ ಝಳ ಬಿಡುವ ಮನೆಯಲ್ಲಿ ಅದಕ್ಕೆ ಆ ತಂಪು ಸಿಗುವುದೇ ಇಲ್ಲ. ಹಾಗೆಂದು ಎಸಿ ಕೋಣೆಯಲ್ಲಿಟ್ಟರೆ ತಂಪು ಸಿಗುತ್ತದೆ, ಆದರೆ ಎಸಿ ಗಾಳಿಯ ತೇವವನ್ನು ಕಸಿಯುತ್ತದೆ. ಇನ್ನು ಮೂರು ತುಂಡು ಬರ್ಫಿನ ವಿಚಾರ: ತಂಪು ದೇಶದ ಮನೆಗಳಲ್ಲಿ ಅದು ವಾರಕ್ಕೆ ಸಾಕಾಗಬಹುದು, ನಮ್ಮ ಬೇಸಿಗೆಯಲ್ಲಿ ತೂತಿರುವ ಕುಂಡಕ್ಕೆ ಹಾಕಿದ ಆ ನೀರು ಸಂಜೆಯೊಳಗೆ ಆರಿಹೋಗುತ್ತದೆ.

ಮಳಿಗೆಯಲ್ಲಿ ಯಾರೂ ಬಾಯಿಬಿಡದ ಇನ್ನೊಂದು ಸಂಗತಿ ನೀರಿನದು. ನಮ್ಮ ಬೋರ್‌ವೆಲ್ ನೀರು ಬಕೆಟ್ಟಿಗೆ, ಗೀಸರಿಗೆ ಬಿಳಿ ಕರೆ ಕಟ್ಟುವುದನ್ನು ದಿನವೂ ನೋಡುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆರ್ಕಿಡ್ಡಿಗೆ ಹಾಕುವ ನೀರಿನಲ್ಲಿ ಕರಗಿದ ಲವಣ 200 ಪಿಪಿಎಂ, ಅಂದರೆ ಲೀಟರಿಗೆ 200 ಮಿಲಿಗ್ರಾಂ, ಒಳಗಿದ್ದರೆ ಒಳ್ಳೆಯದು. ಇದನ್ನು ಅಳೆಯಲು ಕೆಲವು ನೂರು ರೂಪಾಯಿಗೆ ಸಿಗುವ ಟಿಡಿಎಸ್ ಮೀಟರನ್ನು ನಮ್ಮ ನಲ್ಲಿಯ ನೀರಿಗೆ ಅದ್ದಿದರೆ ಸಾವಿರದ ಮೇಲೆ ತೋರಿಸಿತು. ಸತ್ತ ಬೇರುಗಳ ತುದಿ ಸುಟ್ಟಂತೆ ಕಂದಾಗಿದ್ದುದಕ್ಕೂ ಕುಂಡದ ಅಂಚಿನಲ್ಲಿ ಪುಡಿಯಂಥ ಬಿಳುಪು ಕೂತಿದ್ದುದಕ್ಕೂ ಕಾರಣ ಇದೇ. ಆರ್‌ಓ ಯಂತ್ರ ಹೊರಗೆ ಬಿಡುವ ನೀರನ್ನು ಹಾಕುವವರಿದ್ದಾರೆ. ಅದರಲ್ಲಿ ಮೂಲ ನೀರಿಗಿಂತ ಹೆಚ್ಚು ಲವಣ ಇರುತ್ತದೆ. ಕೂಲರಿನ ತೊಟ್ಟಿಯಲ್ಲಿ ಉಳಿದ ನೀರೂ ಅಷ್ಟೇ, ನೀರು ಆವಿಯಾದಂತೆಲ್ಲ ಉಪ್ಪು ಗಟ್ಟಿಯಾಗುತ್ತ ಹೋಗುತ್ತದೆ. ಆಗುವುದೆಂದರೆ ಸಂಗ್ರಹಿಸಿದ ಮಳೆನೀರು, ಆರ್‌ಓದ ಕುಡಿಯುವ ನೀರು, ಇಲ್ಲವೇ ಎಸಿಯ ಕೊಳವೆಯಿಂದ ತೊಟ್ಟಿಕ್ಕುವ ನೀರು.

ಚೀಟಿಯಲ್ಲಿದ್ದ ಸಂಖ್ಯೆಗೆ ಫೋನು ಮಾಡಿದಾಗ ಬಂದ ಉತ್ತರ, “ಎಲ್ಲರ ಮನೆಯಲ್ಲೂ ಬೆಳೆಯುತ್ತಿವೆ, ನೀವೇ ನೀರು ಜಾಸ್ತಿ ಹಾಕಿದ್ದೀರಿ” ಎಂಬುದು. ನೀಲಿ ಹೂವಿನದು ಇದಕ್ಕಿಂತ ನೇರವಾದ ಮೋಸ. ಅಂಗಡಿಗಳಲ್ಲಿ ಕಾಣುವ ಆ ಗಾಢ ನೀಲಿ ಸಾಮಾನ್ಯವಾಗಿ ಬಿಳಿ ಹೂವಿನ ಗಿಡದ ದಂಟಿಗೆ ಬಣ್ಣ ಸೇರಿಸಿ ಬರಿಸಿದ್ದು. ನಮ್ಮ ಗಿಡದ ದಂಟಿನ ಕೆಳಭಾಗದಲ್ಲಿ ಮೇಣದಿಂದ ಮುಚ್ಚಿದ ತೂತು ಇತ್ತು, ಅಲ್ಲಿ ಕತ್ತರಿಸಿದರೆ ಒಳಗೆ ಶಾಯಿಯ ಕಲೆ ಕಂಡಿತು. ಅಂಥ ಗಿಡ ಬದುಕಿ ಮತ್ತೆ ಹೂಬಿಟ್ಟರೂ ಬಿಳಿ ಹೂವನ್ನೇ ಬಿಡುತ್ತದೆ.

ನಮ್ಮ ಹವೆಗೆ ಆರ್ಕಿಡ್ಡೇ ಆಗದು ಎಂದು ನಾನು ಹೇಳುತ್ತಿಲ್ಲ. ಮದುವೆ ಮಂಟಪಗಳ ಅಲಂಕಾರದಲ್ಲಿ ನೇರಳೆ-ಬಿಳಿ ಹೂವಿನ ಉದ್ದನೆಯ ದಂಟುಗಳನ್ನು ನೋಡಿರುತ್ತೀರಿ. ಅವು ಹೆಚ್ಚಾಗಿ ಥಾಯ್ಲೆಂಡಿನಲ್ಲಿ ಬೆಳೆಸಿದ ಡೆಂಡ್ರೋಬಿಯಂ ಮಿಶ್ರತಳಿಗಳು. ಇವುಗಳ ಪೂರ್ವಜರಲ್ಲೊಂದು ಉತ್ತರ ಆಸ್ಟ್ರೇಲಿಯಾದ, ಮಳೆಗಾಲದ ನಂತರ ದೀರ್ಘ ಒಣಗಾಲವಿರುವ ಸೀಮೆಯದು. ಕಬ್ಬಿನ ಗಣ್ಣಿನಂಥ ಕಾಂಡದಲ್ಲಿ ನೀರು ಕೂಡಿಟ್ಟುಕೊಳ್ಳುವುದರಿಂದ, ಅರ್ಧ ಬಿಸಿಲು ತಡೆಯುವ ನೆರಳುಬಲೆಯ ಅಡಿಯಲ್ಲಿ, ಪಡುವಣ ಗೋಡೆಯ ಕಾವಿನಿಂದ ದೂರದಲ್ಲಿ, ಇದ್ದಿಲು ಮತ್ತು ಇಟ್ಟಿಗೆ ಚೂರು ತುಂಬಿದ ತೂತುಗಳ ಕುಂಡದಲ್ಲಿ ನೇತುಹಾಕಿದರೆ ಬೇಸಿಗೆಯಲ್ಲಿ ಬೆಳಿಗ್ಗೆ ಸಂಜೆ ನೀರು ಕಂಡುಕೊಂಡು ಉಳಿಯುತ್ತದೆ. ನಮ್ಮ ಮನೆಯ ಬಡಗಣ ಕಟ್ಟೆಯ ಮೇಲೆ ಉಳಿದಿರುವುದೂ ಅದೊಂದೇ. ಎಲೆ ಉದುರಿದ ಹಳೆಯ ಕಾಂಡಗಳನ್ನು ಒಣಗಿದವೆಂದು ಕತ್ತರಿಸಬಾರದು, ಹೊಸ ಮೊಳಕೆಗೆ ಆಹಾರ ಅವುಗಳಿಂದಲೇ ಹೋಗುತ್ತದೆ.

ಆದರೆ ಡೆಂಡ್ರೋಬಿಯಂ ಎಂಬ ಹೆಸರು ಕೇಳಿದೊಡನೆ ಕೊಳ್ಳಬೇಡಿ. ಸಿಕ್ಕಿಂ ರಾಜ್ಯದ ಹೂವಾದ ಡೆಂಡ್ರೋಬಿಯಂ ನೊಬಿಲೆ ಮತ್ತು ಅದರ ತಳಿಗಳಿಗೆ ಹೂಬಿಡಲು ನಿಜವಾದ ಚಳಿ ಬೇಕು. ಕಾಂಡದ ತುದಿಯಿಂದ ಉದ್ದನೆಯ ದಂಟು ಹೊರಟು ಅದರಲ್ಲಿ ಹೂವಿದ್ದರೆ ಅದು ನಮಗೆ ಬೇಕಾದದ್ದು. ಕಾಂಡದ ಉದ್ದಕ್ಕೂ ಗಣ್ಣುಗಣ್ಣಿನಲ್ಲಿ ಹೂ ಅಂಟಿಕೊಂಡಿದ್ದರೆ ಬೇಡ. ಬೆಟ್ಟದ ಊರುಗಳಿಂದ ಬರುವ ಸಿಂಬಿಡಿಯಂ ಎಂಬ ಆರ್ಕಿಡ್ ನಮ್ಮಲ್ಲಿ ಎಲೆ ಬಿಟ್ಟುಕೊಂಡು ಇದ್ದೀತು, ಮತ್ತೆ ಹೂಬಿಡದು. ಬೇರುಗಳನ್ನು ಗಾಳಿಗೆ ಬಿಟ್ಟು ತೂಗುಹಾಕುವ ವಾಂಡಾ ಬಿಸಿಲನ್ನು ತಡೆದರೂ ನಮ್ಮ ಒಣಗಾಳಿಯಲ್ಲಿ ದಿನಕ್ಕೆ ಹಲವು ಬಾರಿ ನೆನೆಸುವವರಿಗೆ ಮಾತ್ರ. ಆನ್‌ಲೈನಿನಲ್ಲಿ ಪೊಟ್ಟಣದಲ್ಲಿ ಮಾರುವ ‘ಆರ್ಕಿಡ್ ಬೀಜ’ಕ್ಕೆ ಒಂದು ರೂಪಾಯಿಯನ್ನೂ ಕೊಡಬೇಡಿ: ನಿಜವಾದ ಆರ್ಕಿಡ್ ಬೀಜ ಧೂಳಿನಷ್ಟು ಸಣ್ಣದು, ಅದರಲ್ಲಿ ಮೊಳಕೆಗೆ ಬೇಕಾದ ಆಹಾರ ಇರುವುದಿಲ್ಲ, ಪ್ರಯೋಗಶಾಲೆಯ ಶುದ್ಧ ಸೀಸೆಯಲ್ಲೋ ಕಾಡಿನಲ್ಲಿ ಶಿಲೀಂಧ್ರದ ಆಸರೆಯಲ್ಲೋ ಮಾತ್ರ ಮೊಳೆಯುತ್ತದೆ. ಅಗ್ಗವೆಂದು ಬೆರಳುದ್ದದ ಸಸಿ ತರಿಸಿದರೆ ಹೂ ಕಾಣಲು ವರ್ಷಗಳೇ ಬೇಕು.

ಕೊಳ್ಳಲೇಬೇಕೆಂದಿದ್ದರೆ ಮಳೆ ಹಿಡಿದ ಮೇಲೆ, ಜುಲೈ-ಆಗಸ್ಟಿನಲ್ಲಿ ಕೊಳ್ಳಿ. ಗಿಡ ಹೊಸ ಬೇರು ಬಿಟ್ಟುಕೊಂಡು ಮುಂದಿನ ಬೇಸಿಗೆಯ ಹೊತ್ತಿಗೆ ನೆಲೆಯೂರಿರುತ್ತದೆ. ಮಾರ್ಚಿನಿಂದ ಜೂನ್ ಆರಂಭದವರೆಗೆ ಕೊರಿಯರಿನಲ್ಲಿ ತರಿಸಿದ ಗಿಡ ಪೆಟ್ಟಿಗೆಯೊಳಗೇ ಬೆಂದಿರುತ್ತದೆ. ಮಳಿಗೆಯಲ್ಲಿ ಹೂವಿನ ಕಡೆ ನೋಡುವ ಮೊದಲು ಹೊರಕುಂಡದಿಂದ ಗಿಡವನ್ನು ಎತ್ತಿ ಬೇರು ತೋರಿಸಲು ಹೇಳಿ. ಎತ್ತಬೇಡಿ, ಹೂ ಉದುರುತ್ತದೆ ಎನ್ನುವವರಲ್ಲಿ ಕೊಳ್ಳಬೇಡಿ.