ರೈಫಲಿನ ಸ್ಟಾಕ್ ಕಡಿಸುವ ಮೊದಲು ಒಮ್ಮೆ ಇದನ್ನು ಓದಿ

ಉಡುಪಿ, ಮಂಗಳೂರು ಕಡೆ ಮಕ್ಕಳಿಗೆ ಸೆಕೆಂಡ್ ಹ್ಯಾಂಡ್ ಏರ್ ರೈಫಲ್ ಹುಡುಕುತ್ತಿರುವ ಅಪ್ಪ ಅಮ್ಮಂದಿರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ಸ್ಟಾಕಿನಿಂದ, ಅಂದರೆ ರೈಫಲನ್ನು ಹಿಡಿದು ಭುಜಕ್ಕೆ ಒರಗಿಸುವ ಮರದ ಭಾಗದಿಂದ, 20 ಮಿಲಿಮೀಟರ್ ಕಡಿಸಿ 95 ಸಾವಿರದ ರೈಫಲನ್ನು ಕೆಡಿಸಿದವನು.

2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಮನು ಭಾಕರ್ ಎರಡು ಕಂಚು ಗೆದ್ದದ್ದನ್ನು ನೋಡಿ ಮಗಳಿಗೆ ಶೂಟಿಂಗ್ ಹುಚ್ಚು ಹಿಡಿಯಿತು. ಅವರದು ಪಿಸ್ತೂಲು, ಇವಳಿಗೆ ಮಾತ್ರ ರೈಫಲೇ ಬೇಕಂತೆ. ಪಿಸ್ತೂಲೇ ಆಗಿದ್ದರೆ ನನ್ನ ತಲೆನೋವು ಅರ್ಧ ಕಡಿಮೆಯಾಗುತ್ತಿತ್ತು, ಇರಲಿ. ಮಾರುವವರೊಬ್ಬರು ಸಿಕ್ಕಿದರು. ಹೆಸರು ಬೇಡ. ಮರದ ಸ್ಟಾಕ್, ನಾಲ್ಕೂವರೆ ಕಿಲೋ ತೂಕ. ಅದನ್ನು ಮೊದಲು ಬಳಸುತ್ತಿದ್ದವರು ಆರಡಿ ಆಳು, ನನ್ನ ಮಗಳು ಐದಡಿಯೂ ಇಲ್ಲ. ಕೇಳಿದೆ. "ಮಕ್ಕಳು ಬೆಳೀತಾರೆ ಸಾರ್, ಸರಿಯಾಗ್ತದೆ" ಅಂದರು. ನಂಬಿದೆ.

ನಂಬಲಿಕ್ಕೆ ಕಾರಣವೂ ಇತ್ತು. ಕಾರ್ಕಳದ ಹತ್ತಿರ ನಮ್ಮ ತೋಟದ ಮನೆಯಲ್ಲಿ ಬೆಳೆ ರಕ್ಷಣೆಯ ಕೋವಿ ಉಂಟು. ಪ್ರತಿ ಚುನಾವಣೆಗೂ ಸ್ಟೇಷನ್ನಿಗೆ ಹೋಗಿ ಕೂತು ಬರುವ ಕೋವಿ. ಅಜ್ಜನೂ ಅದನ್ನೇ ಹಿಡಿದರು, ಅಪ್ಪನೂ ಅದನ್ನೇ ಹಿಡಿದರು. ಯಾರ ತೋಳು ಎಷ್ಟು ಉದ್ದ ಅಂತ ಯಾರೂ ಅಳೆದದ್ದಿಲ್ಲ. ಹಂದಿ ಓಡಿಸಲು ಅಷ್ಟು ಸಾಕು. ಆದರೆ 10 ಮೀಟರ್ ದೂರದಿಂದ ಹೊಡೆಯುವ ರೈಫಲಿನ ಟಾರ್ಗೆಟಿನಲ್ಲಿ ಹತ್ತು ಅಂಕದ ಚುಕ್ಕಿ ಬರೀ ಅರ್ಧ ಮಿಲಿಮೀಟರ್. ನಿಂತುಕೊಂಡೇ 60 ಗುಂಡು ಹೊಡೆಯಬೇಕು. ಭಾರವನ್ನು ಸ್ನಾಯು ಹೊತ್ತರೆ ಕೈ ನಡುಗುತ್ತದೆ, ಮೂಳೆ ಹೊರಬೇಕು. ಎಡ ಮೊಣಕೈ ಸೊಂಟದ ಮೂಳೆಯ ಮೇಲೆ, ಎಡಗೈ ಮೇಲೆ ರೈಫಲ್, ತಲೆ ನೆಟ್ಟಗೆ. ಸ್ಟಾಕ್ ಮೈಗೆ ಹೊಂದದಿದ್ದರೆ ಮೈಯೇ ಸ್ಟಾಕಿಗೆ ಹೊಂದಿಕೊಳ್ಳಲು ಹೊರಡುತ್ತದೆ. ಕೆಡುವುದು ಅಲ್ಲೇ.

ಎರಡನೇ ತಿಂಗಳಿಗೆ ಮಗಳು ಕುತ್ತಿಗೆ ನೋವು ಅಂದಳು. ಮೊದಲ 25 ಗುಂಡು ಚೆನ್ನಾಗಿಯೇ ಬೀಳುತ್ತಿದ್ದವು, ಆಮೇಲೆ ಚೆಲ್ಲಾಪಿಲ್ಲಿ. ಮಾರಿದವರಿಗೆ ಫೋನ್ ಮಾಡಿದೆ. "ಉದ್ದ ಜಾಸ್ತಿ ಆಗಿರ್ಬೇಕು. ಹಿಂದಿನಿಂದ ಎರಡು ಸೆಂಟಿಮೀಟರ್ ಕಡಿಸಿ, ಎಲ್ಲರೂ ಹಾಗೇ ಮಾಡುದು" ಅಂದರು. ಇಷ್ಟು ಆರಾಮಾಗಿ ಹೇಳಿದ ಮೇಲೆ ನಾನು ಇನ್ನೇನು ಯೋಚಿಸುವುದು? ಪರಿಚಯದ ಆಚಾರ್ರ ಹತ್ತಿರ ಒಯ್ದೆ. ಅವರು ಎರಡು ಸಲ ಕೇಳಿದರು, "ಕಡಿಯುದೇ ಅಲ್ವಾ? ಮತ್ತೆ ಸೇರಿಸ್ಲಿಕ್ಕೆ ಆಗುದಿಲ್ಲ ಮಾರಾಯ್ರೆ." ಪೆನ್ಸಿಲಿನಲ್ಲಿ ಗೆರೆ ಎಳೆದವನು ನಾನು. ಅವರ ತಪ್ಪು ಏನೂ ಇಲ್ಲ.

ಸ್ಟಾಕಿನ ಹಿಂಬದಿಯಲ್ಲಿ, ಭುಜಕ್ಕೆ ಒರಗುವ ಬಟ್ ಪ್ಲೇಟಿಗೆ ಒಂದು ಲೋಹದ ಹಳಿ ಇತ್ತು. ಆ ಹಳಿಯನ್ನು ಹಿಡಿದ ಹಿತ್ತಾಳೆಯ ತಿರುಪು ಗೂಡುಗಳು ಮರದೊಳಗೆ ಕೂತಿದ್ದವು. ಗರಗಸಕ್ಕೆ ಅವೂ ಹೋದವು. ಹಳಿ ಮತ್ತೆ ಕೂರಲಿಲ್ಲ. ಹಳಿ ಇಲ್ಲದೆಯೇ ಪ್ಲೇಟನ್ನು ಮರಕ್ಕೆ ಸ್ಕ್ರೂ ಹಾಕಿ ಬಿಗಿದೆವು, ಅದೂ ಸ್ವಲ್ಪ ಓರೆಯಾಗಿ. ಹಿಂದಿನ ತೂಕ ಹೋದದ್ದರಿಂದ ನಳಿಗೆ ಕಡೆ ಭಾರ ಜಾಸ್ತಿಯಾಯಿತು. ಕಡಿದ ಮುಖಕ್ಕೆ ಪಾಲಿಶ್ ಹಚ್ಚಬೇಕೆಂದು ಹೊಳೆಯಲಿಲ್ಲ. ಜೂನ್ ಬಂತು. ನಮ್ಮ ಮಳೆಗಾಲದಲ್ಲಿ ಬಾಗಿಲೇ ಉಬ್ಬಿ ಮುಚ್ಚುವುದಿಲ್ಲ, ಇನ್ನು ಹಸಿ ಕಡಿತದ ಮರ? ಸ್ಕ್ರೂ ಸಡಿಲಾಗಿ ಪ್ಲೇಟ್ ಅಲ್ಲಾಡತೊಡಗಿತು.

ಉದ್ದ ಮಾತ್ರ ಸರಿಯಾಗಿತ್ತು. ಕುತ್ತಿಗೆ ನೋವು ಹಾಗೇ ಇತ್ತು.

ಆಮೇಲೆ ಒಂದು ಪಂದ್ಯದಲ್ಲಿ ಹಿರಿಯ ಶೂಟರ್ ಒಬ್ಬರು ರೈಫಲನ್ನು ತಿರುಗಿಸಿ ನೋಡಿದರು. ಬಟ್ ಪ್ಲೇಟಿನ ಹಿಂದೆ ಕಪ್ಪು ಬಿಲ್ಲೆಗಳಿದ್ದವು. ಅದು ಪ್ಲೇಟಿನದೇ ಭಾಗ ಅಂದುಕೊಂಡಿದ್ದೆ. "ಇದು ಸ್ಪೇಸರ್ ಅಲ್ವಾ? ಇದನ್ನು ತೆಗೆದಿದ್ದರೆ ಸಾಕಿತ್ತಲ್ಲ" ಅಂದರು. ಸ್ಟಾಕಿನ ಉದ್ದ ಹೆಚ್ಚು ಕಡಿಮೆ ಮಾಡಲಿಕ್ಕೆಂದೇ ಇಡುವ, ಐದೈದು ಮಿಲಿಮೀಟರಿನ ನಾಲ್ಕು ಬಿಲ್ಲೆ. ಲೆಕ್ಕ ನೀವೇ ಹಾಕಿ. ನಾನು ಮರ ಕಡಿಸಿ, ಅವನ್ನು ಜೋಪಾನವಾಗಿ ವಾಪಸ್ ಹಾಕಿಸಿದ್ದೆ.

ಅದಕ್ಕಿಂತ ಹೊಟ್ಟೆ ಉರಿದದ್ದು ಇನ್ನೊಂದಕ್ಕೆ. ಕುತ್ತಿಗೆ ನೋವಿಗೆ ದೊಡ್ಡ ಕಾರಣ ಉದ್ದ ಅಲ್ಲವೇ ಅಲ್ಲ, ಎತ್ತರ. ಗುರಿ ನೋಡುವ ಸೈಟ್ ಅವಳ ಕಣ್ಣಿಗಿಂತ ಕೆಳಗಿತ್ತು, ಅವಳು ತಲೆ ಬಗ್ಗಿಸಿ ಹುಡುಕುತ್ತಿದ್ದಳು. ಹಳಿಯ ಮೇಲೆ ಬಟ್ ಪ್ಲೇಟನ್ನು ಕೆಳಗೆ ಸರಿಸಿದ್ದರೆ ಪ್ಲೇಟ್ ಭುಜದಲ್ಲೇ ಇದ್ದು ರೈಫಲ್ ಮೇಲೆ ಬರುತ್ತಿತ್ತು. ಒಂದು ಅಲೆನ್ ಕೀ ಸಾಕಿತ್ತು. ಆ ಹಳಿಯನ್ನೇ ನಾನು ತೆಗೆಸಿ ಹಾಕಿದ್ದೆ.

ಅವರು ತೋರಿಸಿದ್ದನ್ನು ಹೇಳುತ್ತೇನೆ, ಕೊಳ್ಳುವ ಮೊದಲೇ ನೋಡಿಕೊಳ್ಳಿ. ಮಗುವನ್ನು ಕರೆದುಕೊಂಡು ಹೋಗಿ, ಶೂಟಿಂಗ್ ಜಾಕೆಟ್ ಸಮೇತ. ಬರೀ ಟೀ ಶರ್ಟಿನಲ್ಲಿ ಅಳೆದರೆ ಅಳತೆ ತಪ್ಪುತ್ತದೆ. ಒಳಗೆ ಪೆಲೆಟ್, ಅಂದರೆ ಏರ್ ರೈಫಲಿನ ಗುಂಡು, ಇಲ್ಲ ಅಂತ ಎರಡು ಸಲ ನೋಡಿ, ಗುಂಡು ತುಂಬುವ ಕಡೆಯ ಬೋಲ್ಟ್ ತೆರೆದಿಟ್ಟು, ನಳಿಗೆ ಖಾಲಿ ಅಂತ ತೋರಿಸುವ ಸೇಫ್ಟಿ ಫ್ಲ್ಯಾಗ್ ಹಾಕಿದ ಮೇಲೆಯೇ ಅಲೆನ್ ಕೀಗೆ ಕೈ ಹಾಕಿ. ಮೊಣಕೈಯನ್ನು ಮೂಲೆಮಟ್ಟದ ಹಾಗೆ ಮಡಿಸಿ, ಮಡಿಕೆಗೆ ಬಟ್ ತಾಗಿಸಿದಾಗ ತೋರುಬೆರಳಿನ ಮೊದಲ ಗಂಟಿನ ಮುಂದಿನ ಭಾಗ ಟ್ರಿಗರಿಗೆ ಸಿಗಬೇಕು. ಇದು ಅಂದಾಜು ಮಾತ್ರ. ಆಮೇಲೆ ಬಟ್ ಪ್ಲೇಟಿನ ಎತ್ತರ. ಅದಾದ ಮೇಲೆ ಕೆನ್ನೆ ಒರಗಿಸುವ ಚೀಕ್ ಪೀಸ್. ಮಗು ಕಣ್ಣು ಮುಚ್ಚಿ, ಕೆನ್ನೆಯನ್ನು ಹಾಯಾಗಿ ಇಟ್ಟು ಕಣ್ಣು ತೆರೆದಾಗ ಹಿಂದಿನ ಸೈಟಿನ ತೂತಿನ ನಡುವೆಯೇ ಮುಂದಿನ ಸೈಟ್ ಕಾಣಬೇಕು. ಕಾಣದಿದ್ದರೆ ಚೀಕ್ ಪೀಸ್ ಸರಿಸಿ, ಕುತ್ತಿಗೆಯನ್ನಲ್ಲ. ಒಂದು ಸಲಕ್ಕೆ ಒಂದೇ ಸ್ಕ್ರೂ. ಹಳೆಯ ಜಾಗಕ್ಕೆ ಪೆನ್ಸಿಲ್ ಗುರುತು ಹಾಕಿ, ಫೋಟೋ ತೆಗೆದಿಡಿ. ಮಕ್ಕಳು ಬೆಳೆಯುತ್ತಾರೆ ಅನ್ನುವುದು ನಿಜವೇ. ಅದಕ್ಕೇ ಸ್ಪೇಸರ್ ಇರುವುದು, ಇದನ್ನು ಕೆಲವು ತಿಂಗಳಿಗೊಮ್ಮೆ ಮತ್ತೆ ಮಾಡಬೇಕು.

ಮಾರುವವರು "ಕಡಿಸಿದರಾಯ್ತು" ಅಂದರೆ ಅಲ್ಲಿಂದ ಎದ್ದು ಬನ್ನಿ. ಹಣ ಕೊಡುವ ಮೊದಲು ಬಟ್ ಪ್ಲೇಟ್ ಬಿಚ್ಚಿ ತೋರಿಸಿ ಅನ್ನಿ. ತೋರಿಸಲು ಮನಸ್ಸಿಲ್ಲದವರ ಹತ್ತಿರ ವ್ಯಾಪಾರ ಬೇಡ.

ನಮ್ಮದಕ್ಕೆ ಹೊಸ ಹಳಿ, ಪ್ಲೇಟ್ ಸೇರಿ 11 ಸಾವಿರ ಆಯಿತು. ಮಂಗಳೂರಿನ ಬೈಕಂಪಾಡಿಯ ಒಂದು ಲೇತ್ ಅಂಗಡಿಯಲ್ಲಿ ಕಡಿದ ಮುಖವನ್ನು ನೇರ ಮಾಡಿ, ಹೊಸ ತಿರುಪು ಗೂಡು ಕೂರಿಸಿ 1,500 ತೆಗೆದುಕೊಂಡರು. ನಳಿಗೆಯ ಭಾರಕ್ಕೆ ಸರಿತೂಗಲು ಹಿಂದೆ ಒಂದು ತೂಕದ ತುಂಡು ಹಾಕಿದ್ದೇವೆ. ಮಗಳು ಈಗ 60 ಗುಂಡು ಮುಗಿಸಿಯೂ ಕುತ್ತಿಗೆ ಹಿಡಿದುಕೊಳ್ಳುವುದಿಲ್ಲ. ಮಾರಿದವರು ನನ್ನ ಫೋನ್ ಎತ್ತುವುದಿಲ್ಲ.