ಲೋಡಿನಲ್ಲಿ ಟ್ರ್ಯಾಕ್ಟರ್ ನಿಂತರೆ ಪಂಪ್ ಬಿಚ್ಚಿಸಬೇಡಿ, ಮೊದಲು ಕ್ಯಾನ್ ಕಟ್ಟಿ ನೋಡಿ

ಕಬ್ಬಿನ ಹಂಗಾಮು ಶುರುವಾಯಿತೆಂದರೆ ಮಹಾರಾಷ್ಟ್ರದ ಜತ್ತ, ಅಕ್ಕಲಕೋಟ, ಮಂಗಳವೇಢೆ ಕಡೆ ಹಳೇ ಟ್ರ್ಯಾಕ್ಟರುಗಳಿಗೆ ಒಂದು ದಿನದ ಪುರುಸೊತ್ತೂ ಇರುವುದಿಲ್ಲ. ಗಾಡಿ ನಿಂತರೆ ಕಬ್ಬು ಒಣಗುತ್ತದೆ, ಕಬ್ಬು ಕಡಿಯುವ ಟೋಳಿಯವರು ಕೂತೇ ಇರುತ್ತಾರೆ. ಆ ಅವಸರದಲ್ಲೇ ದುಡ್ಡು ಹಾಳಾಗುವುದು. ಜತ್ತ ತಾಲ್ಲೂಕಿನ ಪೂರ್ವ ಭಾಗದ ಒಂದು ಮೂರು ಸಿಲಿಂಡರಿನ ಹಳೇ ಗಾಡಿಗೆ ಆದದ್ದನ್ನು ಬಿಡಿಸಿ ಬರೆಯುತ್ತಿದ್ದೇವೆ. ಗ್ಯಾರೇಜಿನ ಹೆಸರು ಬೇಡ, ಈ ತಪ್ಪು ಎಲ್ಲ ಕಡೆಯೂ ಆಗುತ್ತದೆ.

ಗಾಡಿ ಬೆಳಿಗ್ಗೆ ಸೆಲ್ಫ್ ಹೊಡೆದ ಕೂಡಲೇ ಚಾಲೂ. ಖಾಲಿ ಓಡಿಸಿದರೆ ಏನೂ ತೊಂದರೆಯಿಲ್ಲ. ತುಂಬಿದ ಟ್ರಾಲಿ ಕಟ್ಟಿ ಹತ್ತು ಹದಿನೈದು ನಿಮಿಷ ಎಳೆದರೆ ದಮ್ಮು ಕಳೆದುಕೊಂಡು, ಕೆಮ್ಮಿ ಕೆಮ್ಮಿ ನಿಲ್ಲುತ್ತಿತ್ತು. ಹೊಗೆ ಕಪ್ಪೂ ಇಲ್ಲ, ನೀಲಿಯೂ ಇಲ್ಲ. ಡೀಸೆಲ್ ಇದೆಯೋ ಇಲ್ಲವೋ ಎಂದು ಟ್ಯಾಂಕಿನ ಮುಚ್ಚಳ ತೆಗೆದು ನೋಡಿ, ಮತ್ತೆ ಹಾಕಿ, ಹ್ಯಾಂಡ್ ಪಂಪ್ ಹೊಡೆದರೆ ತಿರುಗಿ ಚಾಲೂ. ಟ್ಯಾಂಕ್ ಫುಲ್ ಮಾಡಿಸಿದ ದಿನವೇ ಕಾಟ ಹೆಚ್ಚು. ಡೀಸೆಲ್ ಕೆಟ್ಟಿದೆ ಅಂದುಕೊಂಡು ಬಂಕ್ ಬದಲಿಸಿದ್ದೂ ಆಯಿತು.

ಗ್ಯಾರೇಜಿನಲ್ಲಿ ನೋಡಿದ ಕೂಡಲೇ ‘ಪಂಪ್ ಹೋಗಿದೆ’ ಅಂದರು. ಸಿಲಿಂಡರುಗಳಿಗೆ ಅಳತೆಯ ಡೀಸೆಲ್ ತಳ್ಳುವ ಇಂಜೆಕ್ಷನ್ ಪಂಪ್ ಇಳಿಸಿ ಕ್ಯಾಲಿಬ್ರೇಷನ್ನಿಗೆ, ಅಂದರೆ ಆ ಅಳತೆ ಸರಿಪಡಿಸಲು, ಕಳಿಸಿದರು. ತಿರುಗಿ ಕೂಡಿಸುವಾಗ ಫ್ಲ್ಯಾಂಜಿನ (ಪಂಪನ್ನು ಎಂಜಿನ್ನಿಗೆ ಕೂಡಿಸುವ ಅಂಚು) ಗುರುತು ತಪ್ಪಿ ಟೈಮಿಂಗ್ ಮುಂದೆ ಹೋಯಿತು, ಅಂದರೆ ಡೀಸೆಲ್ ಸಿಲಿಂಡರಿಗೆ ಬೇಕಾದ ಗಳಿಗೆಗಿಂತ ಬೇಗ ಬೀಳತೊಡಗಿತು. ಟೈಮಿಂಗ್ ಮುಂದಾದರೆ ಎಂಜಿನ್ ಕಲ್ಲು ಕುಟ್ಟಿದ ಹಾಗೆ ಬಡಿಯುತ್ತದೆ, ಹಿಂದಾದರೆ ಬಿಳಿ ಹೊಗೆ ಬಂದು ಬಲ ಇಳಿಯುತ್ತದೆ. ಆ ಬಡಿತ ಕೇಳಿ ‘ಎಂಜಿನ್ನೇ ಮುಗಿದಿದೆ’ ಎಂದು ಪಿಸ್ಟನ್, ಲೈನರ್ (ಪಿಸ್ಟನ್ ಓಡುವ ಕೊಳವೆ) ಎಲ್ಲಾ ಹೊಸದು ಹಾಕಿದರು. ಒಂದು ಎಕರೆ ಕಬ್ಬಿನ ಬಿಲ್ಲು ಅಲ್ಲೇ ಹೋಯಿತು. ಟೈಮಿಂಗ್ ಸರಿ ಮಾಡಿದ ಮೇಲೆ ಬಡಿತ ನಿಂತಿತು. ಆದರೆ ಟ್ರಾಲಿ ಕಟ್ಟಿದ ಮೊದಲನೇ ದಿನವೇ ಗಾಡಿ ಅದೇ ಹದಿನೈದು ನಿಮಿಷಕ್ಕೆ ನಿಂತಿತು.

ತಪ್ಪು ಇದ್ದದ್ದು ಟ್ಯಾಂಕಿನ ಮುಚ್ಚಳದಲ್ಲಿ. ಹಳೇ ಮುಚ್ಚಳ ಕಳೆದು, ಗಾಳಿತೂತು ಇಲ್ಲದ ಬೇರೆ ಮುಚ್ಚಳ ಹಾಕಿದ್ದರು. ಡೀಸೆಲ್ ಖರ್ಚಾದಷ್ಟು ಗಾಳಿ ಟ್ಯಾಂಕಿನೊಳಗೆ ಬರಲೇಬೇಕು. ಬರದಿದ್ದರೆ ಒಳಗೆ ನಿರ್ವಾತ ಕಟ್ಟಿ ಡೀಸೆಲನ್ನು ಹಿಂದಕ್ಕೆ ಹಿಡಿಯುತ್ತದೆ. ಟ್ಯಾಂಕ್ ತುಂಬಿದಾಗ ಮೇಲೆ ಖಾಲಿ ಜಾಗ ಕಡಿಮೆ, ಅರ್ಧ ಲೀಟರ್ ಹೋದರೂ ಎಳೆತ ಜೋರಾಗುತ್ತದೆ. ಅರ್ಧ ಟ್ಯಾಂಕಿದ್ದರೆ ಎಳೆತ ಕಟ್ಟಲು ಬಹಳ ಹೊತ್ತು ಬೇಕು. ಫುಲ್ ಮಾಡಿಸಿದ ದಿನ ಕಾಟ ಹೆಚ್ಚಾಗಿದ್ದು ಅದಕ್ಕೇ. ಮುಚ್ಚಳ ತೆಗೆದು ಹಾಕಿದಾಗ ಗಾಡಿ ಚಾಲೂ ಆಗಿದ್ದೂ ಅದಕ್ಕೇ. ಆ ಗಳಿಗೆಗೆ ‘ಸುಯ್’ ಎಂದು ಗಾಳಿ ಒಳಗೆ ಎಳೆದ ಸದ್ದು ಬಂದಿರುತ್ತದೆ, ಆದರೆ ಯಾರೂ ಕಿವಿ ಕೊಟ್ಟಿರಲಿಲ್ಲ.

ಆದ್ದರಿಂದ, ಪಂಪಿಗೆ ಯಾರೂ ಪಾನಾ ಹಚ್ಚುವ ಮೊದಲು ಇದನ್ನು ಮಾಡಿ. ಐದು ಲೀಟರಿನ ತೊಳೆದ ಕ್ಯಾನಿನಲ್ಲಿ ಸೋಸಿದ ಡೀಸೆಲ್ ಹಾಕಿ. ಫೀಡ್ ಪಂಪಿಗೆ (ಟ್ಯಾಂಕಿನ ಡೀಸೆಲ್ ಎಳೆದು ಮುಂದೆ ಕೊಡುವ ಸಣ್ಣ ಪಂಪ್) ಟ್ಯಾಂಕಿನಿಂದ ಬರುವ ಪೈಪ್ ಬಿಚ್ಚಿ, ಕ್ಯಾನಿನಿಂದ ಹೊಸ ರಬ್ಬರ್ ಪೈಪ್ ಕೊಡಿ, ಕ್ಲಿಪ್ ಬಿಗಿಯಾಗಿರಲಿ. ಕ್ಯಾನ್ ಎಂಜಿನ್ನಿಗಿಂತ ಎತ್ತರದಲ್ಲಿರಬೇಕು, ಸೈಲೆನ್ಸರಿನಿಂದ ದೂರ ಇರಬೇಕು, ಮುಚ್ಚಳ ಸಡಿಲ ಇರಬೇಕು. ಪೈಪಿನೊಳಗಿನ ಏರ್ ತೆಗೆದು, ಅದೇ ಟ್ರಾಲಿಯನ್ನು ಅದೇ ರಸ್ತೆಯಲ್ಲಿ ಇಪ್ಪತ್ತು ನಿಮಿಷ ಎಳೆಯಿರಿ. ನಿಲ್ಲದಿದ್ದರೆ ಪಂಪೂ ಸರಿ, ಎಂಜಿನ್ನೂ ಸರಿ. ದೋಷ ಮುಚ್ಚಳ, ಕಾಕ್ (ಟ್ಯಾಂಕಿನ ತಳದ ನಲ್ಲಿ), ಟ್ಯಾಂಕಿನ ಜಾಳಿಗೆ, ಪೈಪ್ ಇಷ್ಟರಲ್ಲೇ ಇದೆ.

ಯಾವುದು ಎಂದು ತಿಳಿಯಲು ಟ್ಯಾಂಕಿನ ಪೈಪನ್ನು ಬಾಟಲಿಗೆ ಬಿಡಿ. ಧಾರೆ ಮೊದಲು ದಪ್ಪ ಬಂದು ಮೆಲ್ಲಗೆ ಸಣ್ಣಗಾಗಿ, ಮುಚ್ಚಳ ತೆಗೆದ ಕೂಡಲೇ ದಪ್ಪವಾದರೆ ಮುಚ್ಚಳವೇ ಕಳ್ಳ. ಮುಚ್ಚಳ ತೆಗೆದರೂ ಧಾರೆ ಸಣ್ಣದಿದ್ದರೆ ಕಾಕ್ ಬಿಚ್ಚಿ ನೋಡಿ: ತಳದಲ್ಲಿ ನೀರು, ಕಪ್ಪು ಲೋಳೆ, ಕಬ್ಬಿನ ರವದಿಯ ಚೂರು ಕೂತಿರುತ್ತದೆ.

ಕ್ಯಾನ್ ಕಟ್ಟಿದರೂ ನಿಂತರೆ ಫಿಲ್ಟರ್, ಆಮೇಲೆ ಏರ್. ಫೀಡ್ ಪಂಪಿನ ಒಳಬರುವ ಕಡೆ ಒಂದು ಅಡಿ ಪಾರದರ್ಶಕ ಪೈಪ್ ಹಾಕಿದರೆ ಗುಳ್ಳೆ ಕಣ್ಣಿಗೇ ಕಾಣುತ್ತದೆ. ಆ ಭಾಗದಲ್ಲಿ ಸಂದು ಇದ್ದರೆ ಗಾಡಿ ಓಡುವಾಗ ಡೀಸೆಲ್ ಸೋರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಒಣಗಿದ್ದನ್ನು ನೋಡಿ ‘ಲೀಕೇ ಇಲ್ಲ’ ಅನ್ನಬೇಡಿ. ಪೈಪ್ ಕೂಡಿಸುವ ಬಾಂಜೋ (ತೂತಿನ) ಬೋಲ್ಟಿನ ತಾಮ್ರದ ವಾಶರ್ ಒಮ್ಮೆ ಅದುಮಿದ ಮೇಲೆ ಗಟ್ಟಿಯಾಗುತ್ತದೆ. ಹೊಸದು ಸಿಗದಿದ್ದರೆ ಕೆಂಪಗೆ ಕಾಸಿ ನೀರಿಗೆ ಹಾಕಿ, ಮೆತ್ತಗಾಗುತ್ತದೆ. ಏರ್ ತೆಗೆಯುವಾಗ ಫೀಡ್ ಪಂಪಿನ ಕೈಹಿಡಿಗೆ ಹಿಡಿತವೇ ಸಿಗದಿದ್ದರೆ ಪಂಪ್ ಕೆಟ್ಟಿದೆ ಎಂದಲ್ಲ. ಆ ಪಂಪನ್ನು ಒತ್ತುವ ಎಂಜಿನ್ನಿನ ಕ್ಯಾಮ್ ಎದ್ದು ನಿಂತಿರುತ್ತದೆ. ಎಂಜಿನನ್ನು ಒಂದು ಸುತ್ತು ತಿರುಗಿಸಿ ಮತ್ತೆ ಹೊಡೆಯಿರಿ. ಆದರೆ ಈ ಫೀಡ್ ಪಂಪಿನೊಳಗಿನ ಡಯಾಫ್ರಮ್ (ತೆಳು ಪರದೆ) ಹರಿದರೆ ಡೀಸೆಲ್ ಎಂಜಿನ್ ಆಯಿಲಿಗೆ ಇಳಿಯುತ್ತದೆ. ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಏರಿದ್ದು ಕಂಡರೆ, ಡೀಸೆಲ್ ವಾಸನೆ ಬಂದರೆ, ಗಾಡಿ ಚಾಲೂ ಮಾಡಲೇಬೇಡಿ, ಬೇರಿಂಗ್ ಹೋಗುತ್ತವೆ.

ಎಂಜಿನ್ ನಿಜವಾಗಿ ಸವೆದಿದ್ದರೆ ಅದು ಬೇರೆ ರೀತಿ ಹೇಳುತ್ತದೆ: ನೀಲಿ ಹೊಗೆ, ಆಯಿಲ್ ಖರ್ಚು, ಬ್ರೀದರಿನಿಂದ (ಎಂಜಿನ್ನಿನ ಉಸಿರುಕೊಳವೆ) ಬುಸುಬುಸು ಗಾಳಿ, ಬೆಳಿಗ್ಗೆ ಚಾಲೂ ಆಗಲು ಕಷ್ಟ. ಬೆಳಿಗ್ಗೆ ಒಂದೇ ಸೆಲ್ಫಿಗೆ ಎದ್ದು, ಲೋಡಿನಲ್ಲಿ ಮಾತ್ರ ಇಂತಿಷ್ಟು ನಿಮಿಷಕ್ಕೆ ನಿಲ್ಲುವ ಗಾಡಿಗೆ ಪಿಸ್ಟನ್ ಹಾಕಿಸಬೇಡಿ. ಹಾಗಂತ ನಿಲ್ಲುತ್ತಾ ನಿಲ್ಲುತ್ತಾ ಎಳೆಯುವುದೂ ಬೇಡ. ರೋಟರಿ ಮಾದರಿಯ ಇಂಜೆಕ್ಷನ್ ಪಂಪಿಗೆ ಡೀಸೆಲ್ಲೇ ಎಣ್ಣೆ. ಡೀಸೆಲ್ ಇಲ್ಲದೆ ತಿರುಗಿಸಿದರೆ ಒಳಗೆ ಗೀರು ಬಿದ್ದು ಆ ಖರ್ಚು ನಿಜವಾಗಿಯೇ ಬರುತ್ತದೆ.

ಪಂಪ್ ಇಳಿಸಲೇಬೇಕಾದರೆ ಬೋಲ್ಟ್ ಸಡಿಲಿಸುವ ಮೊದಲು ಫ್ಲ್ಯಾಂಜಿನ ಮೇಲಿಂದ ಎಂಜಿನ್ನಿನ ಕೇಸಿನವರೆಗೆ ಚೂಪು ಚಾಣದಿಂದ ಒಂದೇ ಗೆರೆ ಎಳೆದು ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಸೋಲಾಪುರ, ಮೀರಜ ಕಡೆ ಕೆಲಸ ಕೊಟ್ಟರೆ ಮೊದಲೇ ಮರಾಠಿಯಲ್ಲಿ ಹೇಳಿಬಿಡಿ: ‘ಜುನೇ ಪಾರ್ಟ್ ಪರತ್ ದ್ಯಾ’ (ಹಳೇ ಪಾರ್ಟ್ ತಿರುಗಿ ಕೊಡಿ). ಹಳೇ ಸಾಮಾನು ಕೈಗೆ ಬಂದರೆ ಯಾವುದು ಸವೆದಿತ್ತು, ಯಾವುದು ಸವೆದಿರಲಿಲ್ಲ ಎಂದು ಬೇರೆ ಮಿಸ್ತ್ರಿಗೆ ತೋರಿಸಬಹುದು. ಆ ಜತ್ತದ ಗಾಡಿಯಿಂದ ತೆಗೆದ ಲೈನರುಗಳಲ್ಲಿ ಹೋನಿಂಗಿನ ಅಡ್ಡಗೆರೆಗಳು (ಹೊಸ ಲೈನರಿನೊಳಗೆ ಉಜ್ಜಿ ಮಾಡಿದ ಸಣ್ಣ ಗೀರುಗಳು, ಸವೆದರೆ ಅಳಿಸಿಹೋಗುತ್ತವೆ) ಇನ್ನೂ ಕಾಣುತ್ತಿದ್ದವು.