ಮೂರು ವರ್ಷದ ಬಳಕೆ: ಅಲ್ಟ್ರಾಸಾನಿಕ್ ವೆಲ್ಡಿಂಗ್‌ಗೆ ಎಕ್ಸ್‌ಪ್ಲಿಸಿಟ್ ಸಾಲ್ವರ್, ಆದರೆ ಆ ಒಂದು ಟಿಕ್ ಹಾಕಬೇಡಿ

ಎಕ್ಸ್‌ಪ್ಲಿಸಿಟ್ ಸಾಲ್ವರ್ ಎಂದರೆ ವಸ್ತುವನ್ನು ಪುಟ್ಟ ಚೂರುಗಳಾಗಿ (ಎಲಿಮೆಂಟ್) ಒಡೆದು, ಕಾಲವನ್ನು ಪುಟ್ಟ ಹೆಜ್ಜೆಗಳಲ್ಲಿ ದಾಟುತ್ತ ಅದರ ಚಲನೆ ಮತ್ತು ಒಳಗೆ ಹುಟ್ಟುವ ಬಲ (ಸ್ಟ್ರೆಸ್) ಲೆಕ್ಕ ಹಾಕುವ ಸಾಫ್ಟ್‌ವೇರ್. ತಗಡು ಒತ್ತುವುದು, ಡಿಕ್ಕಿ ಪರೀಕ್ಷೆ ಇವಕ್ಕೆಲ್ಲ ಈ ಸಾಲ್ವರ್ ಚೆನ್ನಾಗಿದೆ, ಅದು ಗೊತ್ತಿರುವ ವಿಷಯ. 0.3 ಮಿ.ಮೀ. ಅಲ್ಯೂಮಿನಿಯಂ ಟ್ಯಾಬನ್ನು ತಾಮ್ರದ ಪಟ್ಟಿಗೆ 20 ಕಿಲೋಹರ್ಟ್ಸ್‌ನಲ್ಲಿ ಉಜ್ಜಿ ಬೆಸೆಯುವ ಲೆಕ್ಕ ಕೊಟ್ಟಾಗ ಹೂರಣ ಹೊರಬೀಳುತ್ತದೆ.

ಅರ್ಧ ಸೆಕೆಂಡಿನ ವೆಲ್ಡ್ ಎಂದರೆ 10,000 ಕಂಪನ. ಮೆಶ್, ಅಂದರೆ ಆ ಚೂರುಗಳ ಗಾತ್ರ, 0.1 ಮಿ.ಮೀ. ಇಟ್ಟರೆ (ದಪ್ಪಕ್ಕೆ ಮೂರೇ ಎಲಿಮೆಂಟ್, ಅದೂ ಜಿಪುಣತನವೇ) ಅಲ್ಯೂಮಿನಿಯಂನಲ್ಲಿ ಅಲೆಯ ವೇಗ ಸೆಕೆಂಡಿಗೆ ಸುಮಾರು 5,000 ಮೀಟರ್ ಇರುವುದರಿಂದ ಟೈಮ್ ಸ್ಟೆಪ್ (ಅಲೆ ಒಂದು ಎಲಿಮೆಂಟ್ ದಾಟುವ ಹೊತ್ತನ್ನು ಅದು ಮೀರುವಂತಿಲ್ಲ) 20 ನ್ಯಾನೋಸೆಕೆಂಡಿಗೆ ಇಳಿಯುತ್ತದೆ. ಒಟ್ಟು ಎರಡೂವರೆ ಕೋಟಿ ಹೆಜ್ಜೆ. ಅಷ್ಟು ಹೊತ್ತಿಗೆ ಸರಿಯಾಗಿ ಮಾಸ್ ಸ್ಕೇಲಿಂಗ್ (ಲೆಕ್ಕದಲ್ಲಿ ಮಾತ್ರ ವಸ್ತುವನ್ನು ಭಾರವಾಗಿಸಿ, ಅಲೆಯನ್ನು ನಿಧಾನಗೊಳಿಸಿ, ಹೆಜ್ಜೆ ದೊಡ್ಡದು ಮಾಡುವುದು) ಎಂಬ ಟಿಕ್ ಬಾಕ್ಸ್ ಕಣ್ಣಿಗೆ ಬೀಳುತ್ತದೆ. ದ್ರವ್ಯರಾಶಿಯನ್ನು 100 ಪಟ್ಟು ಮಾಡಿದರೆ ರನ್ ಹತ್ತು ಪಟ್ಟು ಬೇಗ ಮುಗಿಯುತ್ತದೆ.

ಮುಗಿಯುತ್ತದೆ, ನಿಜ. ಬರುವ ಸ್ಟ್ರೆಸ್ ಮಾತ್ರ ಶುದ್ಧ ಸುಳ್ಳು. ಟ್ಯಾಬನ್ನು ಒತ್ತಿ ಉಜ್ಜುವ ಕಂಪಿಸುವ ಉಪಕರಣದ, ಅಂದರೆ ಹಾರ್ನ್‌ನ, ತುದಿ 20 ಮೈಕ್ರಾನ್ ಆಚೀಚೆ ಆಡುವಾಗ ವೇಗೋತ್ಕರ್ಷ 3 ಲಕ್ಷ ಮೀ/ಸೆ² ದಾಟುತ್ತದೆ. ಅದಕ್ಕೆ ನೂರು ಪಟ್ಟು ಭಾರ ಕಟ್ಟಿದರೆ ಜಡತ್ವದ ಬಲವೂ ನೂರು ಪಟ್ಟಾಗುತ್ತದೆ. ಟ್ಯಾಬಿನ ಸ್ವಾಭಾವಿಕ ಆವೃತ್ತಿಗಳೆಲ್ಲ ಹತ್ತನೇ ಒಂದಕ್ಕೆ ಕುಸಿಯುತ್ತವೆ. 200 ಕಿಲೋಹರ್ಟ್ಸ್‌ನಲ್ಲಿ ತೆಪ್ಪಗಿದ್ದ ಮೋಡ್ (ಸ್ವಾಭಾವಿಕ ಕಂಪನದ ಒಂದು ಬಗೆ) ನೇರ 20ಕ್ಕೆ ಬಂದು ಕೂರುತ್ತದೆ, ಇಲ್ಲದ ಅನುರಣನೆ ತೆರೆಯ ಮೇಲೆ ಕುಣಿಯುತ್ತದೆ. ಕೈಪಿಡಿಯ 'ಚಲನಶಕ್ತಿ ಆಂತರಿಕ ಶಕ್ತಿಯ 5–10%ಕ್ಕಿಂತ ಕಡಿಮೆಯಿರಲಿ' ಎಂಬ ಸೂತ್ರವೂ ಇಲ್ಲಿ ಕಾಯುವುದಿಲ್ಲ. ಇಲ್ಲಿ ಚಲನೆಯೇ ಕೆಲಸ; ಆ ಸೂತ್ರ ನಿಧಾನವಾಗಿ ಒತ್ತುವ ಲೆಕ್ಕಗಳಿಗೆ. ಇದನ್ನು ಎಚ್ಚರಿಸುವ ಒಂದು ಸಾಲೂ ಆ ಬಾಕ್ಸಿನ ಪಕ್ಕದಲ್ಲಿಲ್ಲ.

ಲೆಕ್ಕವನ್ನು ಎರಡಾಗಿ ಸೀಳಿದರೆ ಇದೇ ಸಾಲ್ವರ್ ಹಿತವಾಗುತ್ತದೆ. ಮಾಸ್ ಸ್ಕೇಲಿಂಗ್ ಇಲ್ಲದೆ 20–30 ಕಂಪನ ಮಾತ್ರ ಓಡಿಸಿ. 50ರಿಂದ 75 ಸಾವಿರ ಹೆಜ್ಜೆ, ಎಂಟು ಕೋರ್ ಸಾಕು. ಕೊನೆಯ ಐದು ಕಂಪನಗಳ ಘರ್ಷಣೆಯ ಶಾಖವನ್ನು ಸರಾಸರಿ ಮಾಡಿ, 1 ಮಿಲಿಸೆಕೆಂಡ್ ಸ್ಟೆಪ್ಪಿನ ಶುದ್ಧ ಥರ್ಮಲ್ ರನ್ನಿಗೆ ಕೊಡಿ. ತಾಪ 50 ಡಿಗ್ರಿ ಏರಿದಾಗಲೆಲ್ಲ ಆ ತಾಪದ ಯೀಲ್ಡ್ (ಲೋಹ ಶಾಶ್ವತವಾಗಿ ಆಕಾರ ಬಿಡತೊಡಗುವ ಸ್ಟ್ರೆಸ್) ಬೆಲೆ ಹಾಕಿ ಮೊದಲ ಭಾಗವನ್ನು ಮತ್ತೆ ಓಡಿಸಿ. ಕೈಹೊಲಿಗೆಯ ಕೆಲಸ, ಆದರೆ ಹೊಲಿಗೆ ಬಿಚ್ಚಿಕೊಳ್ಳುವುದಿಲ್ಲ.

ಕೈಲೆಕ್ಕದ ತಾಳೆ ಬಿಡಬೇಡಿ: ಸರಾಸರಿ ಜಾರುವೇಗ = 4 × ಆವೃತ್ತಿ × ಆಂಪ್ಲಿಟ್ಯೂಡ್, ಅಂದರೆ 1.6 ಮೀ/ಸೆ. ಇದಕ್ಕೆ ಘರ್ಷಣಾಂಕ, ಒತ್ತಡ ಗುಣಿಸಿದರೆ ಶಾಖದ ಪ್ರಮಾಣ. ಸಂಪರ್ಕದ ತಾಪ 660 ಡಿಗ್ರಿ ದಾಟಿ ಅಲ್ಯೂಮಿನಿಯಂ ಕರಗಿತೆಂದು ತೋರಿದರೆ, ಘರ್ಷಣೆಯ ಸ್ಟ್ರೆಸ್‌ಗೆ ಮೇಲ್ಮಿತಿ ಹಾಕಿಲ್ಲ ಎಂದರ್ಥ. ಆ ಮೇಲ್ಮಿತಿ ಯೀಲ್ಡ್ ÷ √3, ಅದೂ ಆ ತಾಪದ ಯೀಲ್ಡ್.

ಸಂಪರ್ಕದ ಶಾಖವಾಹಕತೆ ಡೀಫಾಲ್ಟ್ ಸೊನ್ನೆ. ಮರೆತರೆ ಎರಡು ಲೋಹಗಳೂ ಪರಸ್ಪರ ಮುಖ ನೋಡದ ದಾಯಾದಿಗಳಂತೆ ತಮ್ಮ ಪಾಡಿಗೆ ತಾವು ಬಿಸಿಯಾಗುತ್ತವೆ. ಶಾಖದ ಹಂಚಿಕೆಯೂ ಅರ್ಧರ್ಧ ಇರುತ್ತದೆ. ತಾಮ್ರ–ಅಲ್ಯೂಮಿನಿಯಂ ಜೋಡಿಗೆ ತಾಮ್ರದ ಪಾಲು ಸುಮಾರು 0.6 ಇಡಿ.

ಪ್ರತಿ ರನ್ನಿಗೂ ಮುನ್ನ ಎರಡು ಇಣುಕು. ಮಿ.ಮೀ.–ಟನ್–ಸೆಕೆಂಡ್ ಪದ್ಧತಿಯಲ್ಲಿ ಅಲ್ಯೂಮಿನಿಯಂ ಸಾಂದ್ರತೆ 2.7 × 10⁻⁹, ವಿಶಿಷ್ಟೋಷ್ಣ 900 ಅಲ್ಲ, 9 × 10⁸. ವಾಹಕತೆ ಮಾತ್ರ ಹಾಗೇ 237. ಔಟ್‌ಪುಟ್ 2.5 ಮೈಕ್ರೋಸೆಕೆಂಡಿಗೊಂದು ಇರಲಿ. 1 ಮಿಲಿಸೆಕೆಂಡ್ ಇಟ್ಟರೆ ಸರಿಯಾಗಿ 20 ಕಂಪನಕ್ಕೊಂದು ಚಿತ್ರ, ಪ್ರತಿಸಲವೂ ಅದೇ ಜಾಗದಲ್ಲಿ. ಅನಿಮೇಷನ್‌ನಲ್ಲಿ ಹಾರ್ನ್ ಗರಬಡಿದಂತೆ ನಿಂತಿರುತ್ತದೆ, ಟ್ಯಾಬು ಮಾತ್ರ ಕೆಂಪಗಾಗುತ್ತಿರುತ್ತದೆ.

ಬರೀ ತಾಪಮಾನ ಬೇಕಿದ್ದವರು ಈ ಲೈಸೆನ್ಸಿಗೆ ದುಡ್ಡು ಸುರಿಯಬೇಡಿ, ಉಚಿತ ಥರ್ಮಲ್ ಸಾಲ್ವರ್ ಮತ್ತು ಮೇಲಿನ ಕೈಲೆಕ್ಕ ಸಾಕು. ಪಕ್ಕದ ಹಳೆಯ ವೆಲ್ಡನ್ನು ಹೊಸ ವೆಲ್ಡಿನ ಕಂಪನ ಎಷ್ಟು ಎಳೆದಾಡುತ್ತದೆ ಎಂದು ನೋಡಬೇಕಾದವರಿಗೆ ಇದು ಬೇಕೇ ಬೇಕು. ಐದಕ್ಕೆ ಮೂರೂವರೆ.